ಕರಿಬೀಜದ ಲೆಕ್ಕ

"ಅಮ್ಮಾ, ರಾತ್ರಿ ನೀನು ಯಾರನ್ನೋ ಬೈತೀಯ"
ಅಂದಳು ಸಿಂಚನ, ಜಡೆ ಹಾಕಿಸಿಕೊಳ್ಳುತ್ತಾ,
ಕನ್ನಡಿಯೊಳಗಿನ ನನ್ನನ್ನು ನೋಡದೆ.
ನಕ್ಕುಬಿಟ್ಟೆ. ನಾನಾ?
ಉಪ್ಪಳ್ಳಿಯ ಈ ಸಾಲಿಗೆಲ್ಲ ಗೊತ್ತು,
ನಲ್ಲಿಯ ಮುಂದೆ ಕೊಡ ಹಿಂದಕ್ಕೆ ತಳ್ಳಿದರೂ
ತುಟಿ ಪಿಟಕ್ಕೆನ್ನದವಳು ದೇವೀರಮ್ಮ.
ಹಸು, ಅಂತಾರೆ. ಅದು ಹೊಗಳಿಕೆ ಅಂತಲೇ
ಇಪ್ಪತ್ತು ವರ್ಷ ತಲೆ ಆಡಿಸಿದ್ದೇನೆ.

ಕ್ಯೂರಿಂಗ್ ವರ್ಕ್ಸಿನಲ್ಲಿ ನನ್ನ ಕೆಲಸ ಆರಿಸುವುದು.
ಬೆಲ್ಟಿನ ಮೇಲೆ ಬೀಜ ಹರಿದು ಬರುತ್ತದೆ,
ಹಸಿರುಬೂದಿ ಬಣ್ಣದ ಹೊಳೆ.
ಕರಿಯದು, ಕಂದಿದ್ದು, ಒಡೆದದ್ದು,
ಹುಳ ತೂತು ಕೊರೆದದ್ದು
ಎಡಗೈ ಡಬ್ಬಕ್ಕೆ.
ಕಣ್ಣು ಬೇಕಿಲ್ಲ ಈಗ. ಬೆರಳಿಗೇ ಗೊತ್ತು
ಯಾವುದು ಬೇಡ ಎಂದು.
ಮೊನ್ನೆ ಮೊನ್ನೆ ಮೆಷಿನ್ನು ಬಂದಿದೆ,
ಗಾಳಿ ಊದಿ ಕರಿದನ್ನು ಹಾರಿಸುತ್ತದೆ;
ಅದರ ಕಣ್ಣು ತಪ್ಪಿಸಿಕೊಂಡದ್ದು
ನಮ್ಮ ಎಂಟು ಜನರ ಪಾಲಿಗೆ.

ಆ ರಾತ್ರಿ ದಿಂಬಿನ ಪಕ್ಕ ಫೋನು ಇಟ್ಟೆ.
ಸಿಂಚನಳೇ ತೋರಿಸಿದಳು, ಕೆಂಪು ಚುಕ್ಕೆ ಒತ್ತಬೇಕು.
ಚುಕ್ಕೆ ಮಿಟುಕದೆ ನನ್ನ ನೋಡುತ್ತಾ ಕೂತಿತು.
ಅದರ ಮುಂದೆ ನಿದ್ದೆ ಮಾಡಲು ನಾಚಿಕೆಯಾಯಿತು,
ಆಮೇಲೆ ಬಂತು.

ಮಾರನೆ ದಿನ ಊಟದ ಬಿಡುವಿನಲ್ಲಿ
ಕಣದ ಹಿಂದೆ, ಖಾಲಿ ಗೋಣಿಚೀಲದ ರಾಶಿಗೆ ಒರಗಿ
ಕೇಳಿದೆ.

ಮೊದಲು ಫ್ಯಾನು. ಬಹಳ ಹೊತ್ತು ಫ್ಯಾನು.
ದೂರದಲ್ಲಿ ಕಡೂರು ಕಡೆಯ ಲಾರಿ, ನಾಯಿ.
ಆಮೇಲೆ ಅಪ್ಪ.

ಅಪ್ಪ ಸತ್ತು ಹನ್ನೊಂದು ವರ್ಷ.
ಇದೇ ಕಣದಲ್ಲಿ ಕೊಕ್ಕೆ ಹಿಡಿದು ಮೂಟೆ ಹೊತ್ತವನು,
ಸಂಜೆ ಗೇಟು ದಾಟಿದ ಮೇಲೆ
ಬಾಯಿಯನ್ನೇ ಕೊಕ್ಕೆ ಮಾಡಿಕೊಂಡು
ಅವ್ವನನ್ನು ಎಳೆದಾಡಿದವನು.
ಅವನ ಒಂದು ಮಾತೂ ನನ್ನ ನಾಲಿಗೆಗೆ ಹತ್ತಬಾರದೆಂದು
ಒಂಬತ್ತನೇ ವಯಸ್ಸಿಗೇ ಆರಿಸಿ ತೆಗೆದಿದ್ದೆ,
ಒಂದೊಂದೇ, ಎಡಗೈ ಡಬ್ಬಕ್ಕೆ.
ಈಗ ನೋಡಿದರೆ ಎಲ್ಲ ಇವೆ,
ಒಂದೂ ಮುಕ್ಕಾಗಿಲ್ಲ, ಬೂಷ್ಟು ಹಿಡಿದಿಲ್ಲ,
ಅವನ ಕೆಮ್ಮಿನ ಸಮೇತ
ನನ್ನ ಗಂಟಲಲ್ಲಿ.

ಆಫ್ ಮಾಡಿದೆ. ಡಬ್ಬಿಯ ರೊಟ್ಟಿ ಮುಟ್ಟಿರಲಿಲ್ಲ.
ಎದುರಿಗೆ ಗಿರಿ ಮೋಡ ಹೊದ್ದು
ಇಲ್ಲದಂತೆ ಇತ್ತು.
ಮತ್ತೆ ಹಾಕಿದೆ.

ಬೈಗುಳ ಮುಗಿದ ಮೇಲೆ ಫ್ಯಾನು.
ಆಮೇಲೆ ಸಣ್ಣಗೆ, ಒಂದು ಮಾತು:
"ನನ್ನ ಪಾಲು ಎಲ್ಲಿ?"

ಇದು ಅಪ್ಪನದಲ್ಲ.
ಅಪ್ಪ ಕೇಳಿ ತಗೊಂಡವನಲ್ಲ, ಕಿತ್ತುಕೊಂಡವನು.
ಅವ್ವನದೂ ಅಲ್ಲ; ಅವ್ವ ಕೇಳಲೇ ಇಲ್ಲ.
ಮೂರು ಸಲ ಹಿಂದಕ್ಕೆ ಹಾಕಿ ಕೇಳಿದೆ.
ಯಾವುದರ ಪಾಲು?
ತಮ್ಮನ ತಟ್ಟೆಗೆ ಹೋದ ಮೊಟ್ಟೆಯದಾ?
ಏಳನೇ ಕ್ಲಾಸಿಗೆ ನಿಂತ ಶಾಲೆಯದಾ?
ಗಂಡ ಬಿಟ್ಟು ಹೋದಾಗ ಅಳದೆ ಪಾತ್ರೆ ತೊಳೆದ
ಆ ಮಧ್ಯಾಹ್ನದ್ದಾ?
ಗೊತ್ತಿಲ್ಲ. ಕೇಳುವವಳಿಗೂ ಗೊತ್ತಿದ್ದಂತಿಲ್ಲ.
ಕೈ ಮಾತ್ರ ಚಾಚಿದ್ದಾಳೆ, ಕತ್ತಲಲ್ಲಿ,
ನನ್ನ ಕಡೆಗೇ.

ಸಂಜೆ ಡಬ್ಬ ಸುರಿಯುವಾಗ
ತೂಕದ ಫಿಲೋಮಿನಾಳನ್ನು ಕೇಳಿದೆ:
ಈ ಕರಿಯದೆಲ್ಲ ಎಲ್ಲಿಗೆ ಹೋಗುತ್ತೆ?
"ಎಲ್ಲಿಗೆ ಅಂದ್ರೆ? ಮಾರ್ತಾರೆ.
ಒಳ್ಳೇದು ಹಡಗು ಹತ್ತುತ್ತೆ,
ಇದು ಹುರಿದು, ಚಿಕೋರಿ ಬೆರೆಸಿ, ಪುಡಿಯಾಗಿ
ಇಲ್ಲೇ ಅಂಗಡಿಗೆ. ನೀನು ಮನೇಲಿ ಕುಡಿಯೋದು
ಮತ್ತೇನಂದ್ಕೊಂಡೆ?"

ಇಪ್ಪತ್ತು ವರ್ಷ.
ದಿನಾ ಬೆಳಿಗ್ಗೆ, ಬೆಲ್ಲ ಹಾಕಿ.

ಗೌರಿ ಕಾಲುವೆ ದಾಟಿ ನಡೆದು ಬಂದೆ. ನಲ್ಲಿಯಲ್ಲಿ
ಯಾರೋ ನನ್ನ ಕೊಡ ಹಿಂದಕ್ಕೆ ತಳ್ಳಿದರು.
ಬಾಯಿ ತೆರೆದೆ.
ಏನು ಬರುತ್ತದೋ ನನಗೂ ಗೊತ್ತಿರಲಿಲ್ಲ.
ಬಂದದ್ದು ಅಷ್ಟೇನೂ ದೊಡ್ಡದಲ್ಲ,
"ನಂದು ಮೊದಲು", ಅಷ್ಟೆ,
ಆದರೆ ಅಪ್ಪನ ದನಿಯಲ್ಲಿ.
ಸಾಲು ಸುಮ್ಮನಾಯಿತು. ಕೊಡ ತುಂಬುವ ಸದ್ದು.
ಕೈ ನಡುಗುತ್ತಿತ್ತು, ನಿಜ.

ಈ ರಾತ್ರಿ ಫೋನು ಇಡುವುದಿಲ್ಲ.
ಸಿಂಚನಳಿಗೆ ಹೇಳಿದ್ದೇನೆ:
ಬೈದರೆ ಎಬ್ಬಿಸಬೇಡ, ಹೆದರಬೇಡ.
ಕೊನೆಗೆ ಅವಳು ಏನೋ ಕೇಳುತ್ತಾಳೆ, ಮೆಲ್ಲಗೆ.
ಸರಿಯಾಗಿ ಕೇಳಿಸಿಕೊಂಡು
ಬೆಳಿಗ್ಗೆ ನನಗೆ ಹೇಳು.